ಕಾಲು ಕಳೆದುಕೊಂಡವನಲ್ಲ, ಗಾಯ ಮಾಯ್ದವನು ಬೇಕು

ಮಾನ್ಯರೇ,

ನಿಮ್ಮ ‘ಎಂಟು ಡಾಲರ್’ ಕಥೆ ಓದಿದೆ. ಈಗಿರುವ ರೂಪದಲ್ಲಿ ಪ್ರಕಟಿಸಲು ಆಗದು. ಅಮೆರಿಕದ ಅಂತರ್ಯುದ್ಧದ ಗಾಯಾಳು ಪಿಂಚಣಿಗೆ ಪರದಾಡುವ ವಸ್ತು ಗಟ್ಟಿಯಾದದ್ದೇ. ಪರದಾಟ ಎಲ್ಲಿತ್ತು ಎಂಬುದನ್ನು ಮಾತ್ರ ನೀವು ಹುಡುಕಿಲ್ಲ.

ಉತ್ತರದ ಸರ್ಕಾರಿ ಸೇನೆಯ ನಿಮ್ಮ ಓಹಿಯೋ ಸಿಪಾಯಿ 1863ರ ಗೆಟ್ಟಿಸ್‌ಬರ್ಗ್ ಕದನದಲ್ಲಿ ಕಾಲು ಕಳೆದುಕೊಂಡು 1867ರಲ್ಲಿ ಊರುಗೋಲೂರಿಕೊಂಡು ವಾಷಿಂಗ್ಟನ್ನಿಗೆ ಹೋಗುತ್ತಾನೆ. ಗುಮಾಸ್ತ ಲಂಚ ಕೇಳುತ್ತಾನೆ, ಕೊನೆಗೆ ಲಿಂಕನ್ನರೇ ಬಂದು ಸಹಿ ಹಾಕುತ್ತಾರೆ. ಲಿಂಕನ್ ತೀರಿಕೊಂಡದ್ದು 1865ರ ಏಪ್ರಿಲ್‌ನಲ್ಲಿ! ಇರಲಿ, ಅದನ್ನು ಒಂದು ಗೀಟಿನಲ್ಲಿ ಹೊಡೆದುಹಾಕಬಹುದು. ನಿಜವಾದ ತೊಡಕು ಆ ಕಾಲಿನದು. ಯುದ್ಧದಲ್ಲಿ ಕಾಲು ಕತ್ತರಿಸಿಕೊಂಡವನ ದಾಖಲೆ ಸಾಮಾನ್ಯವಾಗಿ ಆಸ್ಪತ್ರೆಯ ಪುಸ್ತಕದಲ್ಲಿರುತ್ತಿತ್ತು, ಪುರಾವೆ ಮೈಮೇಲೇ ಇರುತ್ತಿತ್ತು. 1866ರ ಕಾಯ್ದೆ ಒಂದು ಪಾದವೋ ಕೈಯೋ ಹೋದವನಿಗೆ ತಿಂಗಳಿಗೆ 15 ಡಾಲರ್ ಕೊಟ್ಟಿತು. ನಿಮ್ಮ ಶೀರ್ಷಿಕೆಯ 8 ಡಾಲರ್, 1862ರ ಕಾಯ್ದೆ ಪೂರ್ತಿ ಅಶಕ್ತನಾದ ಸಾಮಾನ್ಯ ಸಿಪಾಯಿಗೆ ಗೊತ್ತುಮಾಡಿದ ಮೊತ್ತ.

ನಿಜಕ್ಕೂ ಒದ್ದಾಡಿದವರು ಗಾಯ ಮಾಯ್ದವರು, ಶಿಬಿರದಿಂದ ಬೇಧಿಯನ್ನೋ ಸಂಧಿವಾತವನ್ನೋ ಹೊತ್ತು ತಂದವರು. ಹಾಗಾಗಿ ಭುಜಕ್ಕೆ ಗುಂಡು ಬಿದ್ದು, ಗಾಯ ಒಣಗಿ, ತೋಳು ಮೇಲೇಳದ ಒಬ್ಬ ರೈತನನ್ನು ತನ್ನಿ. ಕಾಲ 1880ರ ಜೂನ್ ಇರಲಿ. 1879ರಲ್ಲಿ ಬಾಕಿ ಪಾವತಿಯ ಕಾಯ್ದೆ ಬಂತು. ಸೇನೆಯಿಂದ ಬಿಡುಗಡೆಯಾದ ದಿನದಿಂದ ಲೆಕ್ಕಹಾಕಿ ಇಡುಗಂಟು ಸಿಗುತ್ತಿತ್ತು. ಅದಕ್ಕೆ 1880ರ ಜುಲೈ 1ಕ್ಕೆ ಮುಂಚೆ ಅರ್ಜಿ ಬೀಳಬೇಕಿತ್ತು. ನಿಮ್ಮ ಕಥೆಗೆ ಬೇಕಾದ ಆತುರ ಈ ಗಡುವಿನಲ್ಲೇ ಇದೆ, ಲಂಚಕೋರ ಗುಮಾಸ್ತನ ಅಗತ್ಯವಿಲ್ಲ. ಅವನ ದೃಶ್ಯ ಹೇಗೂ ನಮ್ಮ ತಾಲೂಕು ಕಚೇರಿಯಿಂದ ಎತ್ತಿ ತಂದಂತಿದೆ.

ವಾಷಿಂಗ್ಟನ್ ಪ್ರಯಾಣವನ್ನೂ ಕೈಬಿಡಿ. ಕೆಲಸ ಬಹುಪಾಲು ಅಂಚೆಯಲ್ಲೇ ನಡೆಯುತ್ತಿತ್ತು, ನಡುವೆ ಶುಲ್ಕ ಪಡೆಯುವ ಏಜೆಂಟ್ ಇರುತ್ತಿದ್ದ. ಇಂಥ ದಿನ, ಇಂಥ ಕಡೆ, ಕರ್ತವ್ಯದಲ್ಲಿದ್ದಾಗಲೇ ಪೆಟ್ಟಾಯಿತೆಂದು ಒಬ್ಬ ಅಧಿಕಾರಿಯಿಂದಲೋ ಇಬ್ಬರು ಜೊತೆ ಸಿಪಾಯಿಗಳಿಂದಲೋ ಪ್ರಮಾಣಪತ್ರ ಬೇಕು. ಅಂದಿನಿಂದ ಇಂದಿನವರೆಗೂ ನೋವು ಬಿಟ್ಟಿಲ್ಲವೆಂದು ವೈದ್ಯರು, ನೆರೆಯವರು ಬರೆದುಕೊಡಬೇಕು. ಹದಿನೇಳು ವರ್ಷದ ಮೇಲೆ ಸಾಕ್ಷಿಗಳು ಎಲ್ಲಿ ಸಿಗುತ್ತಾರೆ? ಕ್ಯಾಪ್ಟನ್ ಸತ್ತಿರುತ್ತಾನೆ, ಗೆಳೆಯ ಪಶ್ಚಿಮಕ್ಕೆ ವಲಸೆ ಹೋಗಿರುತ್ತಾನೆ, ಇನ್ನೊಬ್ಬ ಎಡಭುಜದ ಬದಲು ಬಲಭುಜ ಎಂದು ಬರೆದಿರುತ್ತಾನೆ. ಏಜೆಂಟನೇ ಗೀಚಿದ ಎರಡು ಪ್ರಮಾಣಪತ್ರಗಳಲ್ಲಿ ಒಂದೇ ವಾಕ್ಯ ಇದ್ದರೂ ಅನುಮಾನ ಹುಟ್ಟುತ್ತಿತ್ತು. ಆಗ ತನಿಖಾಧಿಕಾರಿ ಊರಿಗೇ ಬಂದು ನೆರೆಹೊರೆಯವರನ್ನು ವಿಚಾರಿಸುತ್ತಿದ್ದ. ಹತ್ತು ವರ್ಷದಿಂದ ಮಾತುಬಿಟ್ಟ ನೆರೆಯವನೊಬ್ಬನನ್ನು ಅವನೆದುರು ಕೂರಿಸಿ ನೋಡಿ.

ವೈದ್ಯರ ತಪಾಸಣೆಗೆ ಒಂದು ಪೂರ್ತಿ ಪುಟ ಕೊಡಿ. ನಿಮ್ಮ ಡಾಕ್ಟರು ಕಣ್ಣೀರು ಒರೆಸಿಕೊಳ್ಳುತ್ತಾರೆ. ನಿಜದಲ್ಲಿ ಅವರು ಅಳತೆ ತೆಗೆಯುತ್ತಿದ್ದರು. ಅಂಗಿ ಬಿಚ್ಚಿಸಿ, ಕಲೆಯ ಉದ್ದಗಲ ನೋಡಿ, ಅದು ಎಲುಬಿಗೆ ಅಂಟಿದೆಯೇ ಎಂದು ಬೆರಳಿನಿಂದ ಒತ್ತಿ, ತೋಳು ಎಷ್ಟು ಎತ್ತರ ಏಳುತ್ತದೆಂದು ಗುರುತು ಹಾಕಿ, ಕೊನೆಗೆ ಅಶಕ್ತತೆಯನ್ನು ಭಿನ್ನರಾಶಿಯಲ್ಲಿ ಬರೆಯುತ್ತಿದ್ದರು. ಅರ್ಧ ಎಂದರೆ ಸಿಪಾಯಿಗೆ ತಿಂಗಳಿಗೆ 4 ಡಾಲರ್.

ಸರ್ಕಾರದ ವಿರುದ್ಧವೇ ಕಾದಿದ ದಕ್ಷಿಣದ ಸೇನೆಯ ಭಾವಮೈದುನನಿಗೂ ಅದೇ ಕಚೇರಿಯಿಂದ ಪಿಂಚಣಿ ಕೊಡಿಸಿದ್ದೀರಿ. ಆಗದು. ಅವರಿಗೆ ಒಕ್ಕೂಟ ಸರ್ಕಾರ ಕೊಡಲಿಲ್ಲ. ದಕ್ಷಿಣದ ರಾಜ್ಯಗಳೇ ಆಮೇಲೆ ತಮ್ಮ ಬೊಕ್ಕಸದಿಂದ ಕೊಟ್ಟವು.

ಸಿಪಾಯಿಯ ಹೆಂಡತಿ ಹಳೆ ಕಾಗದಗಳನ್ನು ಹಿಟ್ಟಿನ ಡಬ್ಬಿಯಲ್ಲಿ ಬಚ್ಚಿಡುವ ಭಾಗವನ್ನು ಮುಟ್ಟಬೇಡಿ, ಚೆನ್ನಾಗಿದೆ. ಮೊದಲ ನಾಲ್ಕು ಪುಟದ ಯುದ್ಧವರ್ಣನೆ ತೆಗೆದು, ಅರ್ಜಿಯಿಂದಲೇ ಶುರುಮಾಡಿ ಮತ್ತೆ ಕಳಿಸಿ.

— ಸಂಪಾದಕ