‘ಅಪ್‌ಗ್ರೇಡ್ ಆದಮೇಲೆ ನೆಟ್‌ವರ್ಕ್ ಹೋಯಿತು’ ಲೇಖನವನ್ನು ಕುರಿತು

ಆತ್ಮೀಯರೇ,

ಲಿನಕ್ಸ್ ಆಧಾರಿತ ಕಾರ್ಯಾಚರಣ ವ್ಯವಸ್ಥೆಯಾದ ಉಬುಂಟುವಿನ 22.04 ಆವೃತ್ತಿಯಿಂದ 24.04ಕ್ಕೆ ಬಂದ ಕೂಡಲೇ ನಿಮ್ಮ ಕಂಪ್ಯೂಟರಿನ ರಿಯಲ್‌ಟೆಕ್ ನೆಟ್‌ವರ್ಕ್ ಡ್ರೈವರ್ ಕ್ರ್ಯಾಶ್ ಆದದ್ದನ್ನೂ ಕೊನೆಗೆ ಎಲ್ಲವನ್ನೂ ಅಳಿಸಿ ಹೊಸದಾಗಿ ಇನ್‌ಸ್ಟಾಲ್ ಮಾಡಿದ್ದನ್ನೂ ಕುರಿತ ನಿಮ್ಮ ಲೇಖನವನ್ನು ಓದಿದೆ. ಈಗಿನ ರೂಪದಲ್ಲಿ ಇದನ್ನು ಪ್ರಕಟಿಸಲಾಗದು. ಆದರೆ ಕನ್ನಡದಲ್ಲಿ ಇಂಥ ಬರಹಗಳು ಬರಲೇಬೇಕೆಂಬುದು ನನ್ನ ಆಸೆಯಾದ್ದರಿಂದ ಕೊರತೆಗಳನ್ನು ನೇರವಾಗಿಯೇ ತಿಳಿಸುತ್ತೇನೆ.

ಲೇಖನದುದ್ದಕ್ಕೂ ನೀವು 24.04ರ ಜೊತೆ ಬಂದ 6.8 ಕರ್ನೆಲ್ಲನ್ನು, ಅಂದರೆ ಲಿನಕ್ಸಿನ ತಿರುಳಾದ ತಂತ್ರಾಂಶವನ್ನು, ದೂರಿದ್ದೀರಿ. ಆದರೆ ನೀವೇ ಕೊಟ್ಟಿರುವ ಲಾಗ್‌ನಲ್ಲಿ, ಲೋಡ್ ಆದ ಮಾಡ್ಯೂಲ್‌ಗಳ ಪಟ್ಟಿಯೊಳಗೆ (ಕರ್ನೆಲ್ಲಿಗೆ ಸೇರಿಸಬಹುದಾದ ತುಣುಕೇ ಮಾಡ್ಯೂಲ್), ನಿಮ್ಮ ನೆಟ್‌ವರ್ಕ್ ಡ್ರೈವರಾದ ಆರ್8168 ಹೆಸರಿನ ಪಕ್ಕದ ಆವರಣದಲ್ಲಿ ‘ಓ’ ಮತ್ತು ‘ಇ’ ಎಂಬ ಎರಡು ಅಕ್ಷರಗಳಿವೆ. ಆ ಮಾಡ್ಯೂಲ್ ಕರ್ನೆಲ್ಲಿನ ಭಾಗವಲ್ಲ, ಹೊರಗಿನದು ಎಂದು ಮೊದಲನೆಯದೂ, ಅದಕ್ಕೆ ಡಿಜಿಟಲ್ ಸಹಿಯಿಲ್ಲ ಎಂದು ಎರಡನೆಯದೂ ಹೇಳುತ್ತವೆ. ತನ್ನ ಭಾಗಗಳು ಒಂದನ್ನೊಂದು ಕರೆಯುವ ಒಳಗಿನ ಇಂಟರ್‌ಫೇಸ್‌ಗಳನ್ನು ಬದಲಿಸದೆ ಉಳಿಸಿಕೊಳ್ಳುವ ಭರವಸೆಯನ್ನು ಲಿನಕ್ಸ್ ಕರ್ನೆಲ್ ಎಂದೂ ಕೊಟ್ಟಿಲ್ಲ. ಅದರ ಜೊತೆಗೇ ಬರುವ ಆರ್8169 ಡ್ರೈವರನ್ನು ಬದಲಾವಣೆ ಮಾಡುವವರೇ ತಿದ್ದುತ್ತಾರೆ, ಹೊರಗಿನ ಡ್ರೈವರನ್ನು ಅದನ್ನು ನೋಡಿಕೊಳ್ಳುವವರು ತಿದ್ದಬೇಕಾಗುತ್ತದೆ. ಕರ್ನೆಲ್ 5.15ರಿಂದ 6.8ಕ್ಕೆ ಜಿಗಿದಾಗ, ಹೊರಗಿನ ಮಾಡ್ಯೂಲ್‌ಗಳನ್ನು ಹೊಸ ಕರ್ನೆಲ್ಲಿಗಾಗಿ ಮತ್ತೆ ಕಟ್ಟುವ ಡಿಕೆಎಂಎಸ್ ಎಂಬ ಸಾಧನ ಆ ಮಾಡ್ಯೂಲನ್ನು ಮತ್ತೆ ಕಂಪೈಲ್ ಮಾಡಿದೆ, ನಿಜ. ಕಂಪೈಲ್ ಆದ ಮಾತ್ರಕ್ಕೆ ಅದು ಸರಿಯಾಗಿ ನಡೆಯುತ್ತದೆ ಎಂದೇನಿಲ್ಲ. ಕ್ರ್ಯಾಶ್ ಆದ ಕ್ಷಣದಲ್ಲಿ ಯಾವ ಮಾಡ್ಯೂಲಿನ ಯಾವ ಫಂಕ್ಷನ್ ನಡೆಯುತ್ತಿತ್ತು ಎಂಬುದು ‘ಆರ್‌ಐಪಿ’ ಸಾಲಿನಲ್ಲಿರುತ್ತದೆ. ತಪ್ಪು ಅಲ್ಲಿಯೇ ಇದೆ ಎಂದು ಅದೊಂದರಿಂದಲೇ ತೀರ್ಮಾನಿಸಲಾಗದಿದ್ದರೂ ಹುಡುಕಾಟ ಶುರುವಾಗಬೇಕಾದದ್ದು ಅಲ್ಲಿಂದಲೇ, ಮತ್ತು ನೀವು ಕತ್ತರಿಸಿ ಬಿಟ್ಟಿರುವುದು ಆ ಸಾಲನ್ನೇ.

ಎರಡು ಬೇರೆ ಬೇರೆ ತೊಂದರೆಗಳನ್ನೂ ನೀವು ಒಂದೇ ಎಂದುಕೊಂಡಿದ್ದೀರಿ. ಮೊದಲು ಡ್ರೈವರ್ ಕ್ರ್ಯಾಶ್ ಆಯಿತು. ಆರ್8168 ಪ್ಯಾಕೇಜನ್ನು ತೆಗೆದಮೇಲೆ ಯಾವ ಡ್ರೈವರೂ ಲೋಡ್ ಆಗಲೇ ಇಲ್ಲ. ಆರ್8169 ಅನ್ನು ಬ್ಲ್ಯಾಕ್‌ಲಿಸ್ಟ್ ಮಾಡುವ, ಅಂದರೆ ತಾನಾಗಿ ಲೋಡ್ ಆಗದಂತೆ ತಡೆಯುವ, ಸಾಲನ್ನು ಹಿಂದೆ ನೀವೇ ಕೈಯಾರೆ ಬರೆದಿದ್ದಾಗಿ ಎರಡನೆಯ ಪುಟದಲ್ಲಿ ಹೇಳಿದ್ದೀರಿ. ಪ್ಯಾಕೇಜ್ ಹೋದರೂ ಆ ಸಾಲು ಹೋಗುವುದಿಲ್ಲ. ಅದನ್ನು ಅಳಿಸಿ, ಬೂಟ್ ಆಗುವಾಗ ಮೊದಲು ಲೋಡ್ ಆಗುವ ಪುಟ್ಟ ಕಡತ ವ್ಯವಸ್ಥೆಯಾದ ಇನಿಟ್‌ರಾಮ್‌ಎಫ್‌ಎಸ್ ಅನ್ನು ಅಪ್‌ಡೇಟ್ ಮಾಡಿ ರೀಬೂಟ್ ಮಾಡಿದ್ದರೆ, ಮರು ಇನ್‌ಸ್ಟಾಲ್ ಬಹುಶಃ ಬೇಕಾಗುತ್ತಿರಲಿಲ್ಲ.

ಕಂಪ್ಯೂಟರ್ ಶುರುವಾಗುವಾಗ ಬರುವ ಗ್ರಬ್ ಮೆನುವಿನಿಂದ ಹಳೆಯ ಕರ್ನೆಲ್ಲನ್ನು ಬೂಟ್ ಮಾಡಿ ನೋಡುವ ಸುಲಭದ ಪರೀಕ್ಷೆ ಲೇಖನದಲ್ಲಿ ಎಲ್ಲಿಯೂ ಇಲ್ಲ. ಅದರಲ್ಲಿ ನೆಟ್‌ವರ್ಕ್ ಬಂದರೆ ಕಾರ್ಡಿನ ಮೇಲೂ ಕೇಬಲ್ಲಿನ ಮೇಲೂ ಇರುವ ಅನುಮಾನ ಬಹುಪಾಲು ಕಳೆಯುತ್ತದೆ. ‘ಹೊಸ ಡ್ರೈವರ್ ಡೌನ್‌ಲೋಡ್ ಮಾಡಿ’ ಎಂಬ ನಿಮ್ಮ ಸಲಹೆಯಂತೂ ನೆಟ್‌ವರ್ಕೇ ಇಲ್ಲದವರಿಗೆ ಉಪಯೋಗಕ್ಕೆ ಬಾರದು. ಮೊಬೈಲಿನ ಇಂಟರ್ನೆಟ್ಟನ್ನು ಕೇಬಲ್ ಮೂಲಕ ಕಂಪ್ಯೂಟರಿಗೆ ಕೊಡುವ ಯುಎಸ್‌ಬಿ ಟೆದರಿಂಗ್ ಬೇರೆ ಡ್ರೈವರನ್ನು ಬಳಸುವುದರಿಂದ ಅದನ್ನಾದರೂ ಸೂಚಿಸಿ.

ಲಿನಕ್ಸಿನ ಇತಿಹಾಸ ಹೇಳುವ ಮೊದಲ ಪುಟವನ್ನು ಪೂರ್ತಿ ತೆಗೆಯಿರಿ. ಕ್ರ್ಯಾಶ್ ಆದಾಗಿನ ಕರ್ನೆಲ್ ಲಾಗ್‌ನ ಪ್ರತಿ ನಿಮ್ಮಲ್ಲಿ ಉಳಿದಿದ್ದರೆ, ಅದನ್ನು ಕತ್ತರಿಸದೆ ತಿದ್ದಿದ ಲೇಖನದೊಂದಿಗೆ ಕಳುಹಿಸಿ. ಎರಡನ್ನೂ ಜೊತೆಗಿಟ್ಟುಕೊಂಡು ಸಾಲುಸಾಲಾಗಿ ಓದುತ್ತೇನೆ.

ಇಂತು,
ಸಂಪಾದಕ