ಬಲತಿರುವಿನ ಕ್ಯಾಮೆರಾ ದಂಡ: ಅರ್ಧ ರಿಯಾಯಿತಿ ಬರುವವರೆಗೆ ಕಾಯಬಹುದೇ?

ತಂದೆಯವರ ಹೆಸರಿನಲ್ಲಿರುವ ಕಾರಿಗೆ ನಿಷೇಧಿತ ಬಲತಿರುವಿನ ದಂಡ ಎರಡು ಸಲ ಬಿದ್ದಿದೆ, ರಸ್ತೆ ಖಾಲಿ ಇತ್ತು, ಪೊಲೀಸರೂ ಇರಲಿಲ್ಲ, ಬಾಕಿ ದಂಡಕ್ಕೆ ಸರ್ಕಾರ ಇನ್ನೊಮ್ಮೆ ಅರ್ಧ ರಿಯಾಯಿತಿ ಘೋಷಿಸುವವರೆಗೆ ಸುಮ್ಮನಿರಲೇ ಎಂದು ಕೇಳಿದ್ದೀರಿ. ನಿಮಗೆ ಸಂದೇಶವಾದರೂ ಬಂದಿದೆಯಲ್ಲ, ಪುಣ್ಯವಂತರು. ನನಗೆ ಒಂದೂ ಬರಲಿಲ್ಲ.

ಅಮರಗೋಳದ ಎಪಿಎಂಸಿಯಿಂದ ಹುಬ್ಬಳ್ಳಿಯ ಅಂಗಡಿಗಳಿಗೆ ಮೆಣಸಿನಕಾಯಿ, ಬೇಳೆ ಸಾಗಿಸಲು ನಾನೊಂದು ಸಣ್ಣ ಗೂಡ್ಸ್ ಗಾಡಿ ಇಟ್ಟುಕೊಂಡಿದ್ದೇನೆ. ಗದಗಿನಲ್ಲಿ ಸೆಕೆಂಡ್ ಹ್ಯಾಂಡ್ ಕೊಂಡದ್ದು, ನಂಬರು ಕೆಎ 26. ಉಣಕಲ್ ದಾಟಿ ವಿದ್ಯಾನಗರದ ಕಡೆ ಬರುವಾಗ ರಸ್ತೆಯ ಬಲಕ್ಕೆ ನನ್ನ ಕಾಯಂ ಗಿರಾಕಿಯ ಅಂಗಡಿ. ಅಲ್ಲಿ ಬಲಕ್ಕೆ ಹೊರಳಬಾರದೆಂಬ ಫಲಕ ಇದ್ದೇ ಇತ್ತು. ಮುಂದಿನ ಸಿಗ್ನಲ್‌ವರೆಗೆ ಹೋಗಿ ಸುತ್ತಿ ಬರಲು ಡೀಸೆಲೂ ದಂಡ, ಹೊತ್ತೂ ದಂಡ ಎನ್ನುವುದು ನನ್ನ ಲೆಕ್ಕ. ನಸುಕಿನಲ್ಲಿ ನರಪಿಳ್ಳೆಯೂ ಇರುವುದಿಲ್ಲ. ಹೊರಳಿಸುತ್ತಿದ್ದೆ. ತಿಂಗಳುಗಟ್ಟಲೆ ಯಾರೂ ಏನೂ ಕೇಳಲಿಲ್ಲ.

ಆಮೇಲೊಂದು ದಿನ ಮಾಮೂಲಿ ತಪಾಸಣೆಗೆಂದು ನಿಲ್ಲಿಸಿದ ಪೊಲೀಸರು ಕೈಯಲ್ಲಿದ್ದ ಯಂತ್ರಕ್ಕೆ ನನ್ನ ಗಾಡಿಯ ನಂಬರು ಹಾಕಿದರು. ಪಟ್ಟಿ ಮುಗಿಯಲೇ ಇಲ್ಲ. ಅದೇ ತಿರುವು, ಅದೇ ಹೊತ್ತು, ಒಂದೊಂದು ಫೋಟೋದಲ್ಲೂ ನನ್ನ ಗಾಡಿಯ ಅದೇ ಹರಿದ ತಾಡಪತ್ರಿ. ಆ ಮೊತ್ತಕ್ಕೆ ನಾಲ್ಕೂ ಟೈರು ಹೊಸದಾಗಿ ಹಾಕಿಸಬಹುದಿತ್ತು.

ಎಡವಿದ್ದು ಎಲ್ಲಿ ಎಂದು ಬಿಡಿಸಿ ಹೇಳುತ್ತೇನೆ, ಏಕೆಂದರೆ ಹಳೆಯ ಗಾಡಿ ಕೊಂಡವರಲ್ಲಿ ಅನೇಕರು ಇಲ್ಲೇ ಎಡವುತ್ತಾರೆ. ಮಾಲೀಕತ್ವ ವರ್ಗಾವಣೆಯ ಫಾರ್ಮ್ 29ಕ್ಕೆ ಮಾರಿದವರು ಸಹಿ ಮಾಡಿದ್ದರು, ಫಾರ್ಮ್ 30ಕ್ಕೆ ಅವರ ಜೊತೆ ನಾನೂ ಸಹಿ ಮಾಡಿದ್ದೆ. ಆರ್‌ಸಿಯಲ್ಲಿ ನನ್ನ ಹೆಸರು ಬಂತು, ವಿಳಾಸ ಬಂತು, ಊದಿನಕಡ್ಡಿ ಬೆಳಗಿ ಡ್ಯಾಶ್‌ಬೋರ್ಡಿನಲ್ಲಿ ಇಟ್ಟೆ. ಆದರೆ ದಂಡದ ಸಂದೇಶ ಹೋಗುವುದು ಹೆಸರಿಗಲ್ಲ, ದಾಖಲೆಗೆ ಜೋಡಿಸಿದ ಮೊಬೈಲ್ ಸಂಖ್ಯೆಗೆ. ಅರ್ಜಿ ಹಾಕುವಾಗ ಒಟಿಪಿ ಬೇಕಾಗುತ್ತದೆ. ಆ ದಿನ ನಾನು ಮಾರುಕಟ್ಟೆಯಲ್ಲಿ ಚೀಲ ಇಳಿಸುತ್ತಿದ್ದೆ. ವರ್ಗಾವಣೆ ಮಾಡಿಸಿಕೊಡುತ್ತಿದ್ದ ಗದಗಿನ ಏಜೆಂಟರು ಫೋನ್ ಮಾಡಿ, ನಿಮಗೆ ಪದೇ ಪದೇ ತೊಂದರೆ ಬೇಡ, ನನ್ನ ನಂಬರೇ ಹಾಕಿಬಿಡುತ್ತೇನೆ ಎಂದರು. ಎಂಥ ಒಳ್ಳೆಯ ಮನುಷ್ಯ ಎಂದುಕೊಂಡು ಹೂಂ ಎಂದೆ. ವರ್ಗಾವಣೆ ಮುಗಿದ ಮೇಲೆ ಅದನ್ನು ಬದಲಿಸಬೇಕೆಂಬುದು ಅವರಿಗೆ ನೆನಪಾಗಲಿಲ್ಲ, ನನಗೆ ಗೊತ್ತೇ ಇರಲಿಲ್ಲ. ಜಗಳ ತೆಗೆಯಬೇಕೆಂದೇ ಗದಗಿಗೆ ಹೋದೆ. ಅವರ ಮೊಬೈಲಿನಲ್ಲಿ ಯಾರ‍್ಯಾರದೋ ಗಾಡಿಗಳ ದಂಡದ ಸಂದೇಶಗಳು ರಾಶಿ ಬಿದ್ದಿದ್ದವು, ಒಂದನ್ನೂ ತೆರೆದಿರಲಿಲ್ಲ. ಗಿರ್ಮಿಟ್ಟು, ಮಿರ್ಚಿ ತರಿಸಿದರು. ತಿಂದು ಬಂದೆ.

ಮೊದಲನೆಯ ದಂಡ ಆ ವಾರವೇ ನನಗೆ ತಿಳಿದಿದ್ದರೆ ಎರಡನೆಯದು ಬೀಳುತ್ತಿರಲಿಲ್ಲ. ಐನೂರು ರೂಪಾಯಿ ಕಳೆದುಕೊಂಡು ಮರುದಿನ ಅದೇ ಜಾಗದಲ್ಲಿ ಹೊರಳಿಸುವಷ್ಟು ಶ್ರೀಮಂತ ನಾನಲ್ಲ. ನಿಮಗೆ ಮೊದಲನೆಯದರ ಸಂದೇಶ ಬಂದಿತ್ತು. ಆದರೂ ಎರಡನೆಯದು ಬಿದ್ದಿದೆ ಎಂದರೆ, ರಿಯಾಯಿತಿ ಬರುತ್ತದೆ ಎಂಬ ಆಸೆ ಆಗಲೇ ನಿಮ್ಮ ಸ್ಟೀರಿಂಗ್ ಹಿಡಿದಿದೆ.

ರಸ್ತೆ ಖಾಲಿ ಇತ್ತು ಎಂಬ ನಿಮ್ಮ ಮಾತನ್ನೂ ನಾನು ಒಪ್ಪುವುದಿಲ್ಲ. ಬೇರೆ ರಸ್ತೆಯಲ್ಲಿ ಬಲಕ್ಕೆ ಹೊರಳುವವನು ಎದುರಿನಿಂದ ಬರುವುದನ್ನು ನೋಡಿದರೆ ಬಹುಪಾಲು ಸಾಕು. 2018ರಲ್ಲಿ ಚಿಗರಿ ಬಸ್ಸುಗಳು, ಅಂದರೆ ತಮ್ಮದೇ ಪ್ರತ್ಯೇಕ ಪಥದಲ್ಲಿ ಸಾಗುವ ಬಿಆರ್‌ಟಿಎಸ್ ಬಸ್ಸುಗಳು, ಓಡಲು ಶುರುವಾದ ಮೇಲೆ ಹುಬ್ಬಳ್ಳಿ–ಧಾರವಾಡ ರಸ್ತೆಯಲ್ಲಿ ಆ ಲೆಕ್ಕ ತಲೆಕೆಳಗಾಗಿದೆ. ಬಸ್ಸಿನ ಪಥ ನಡುವೆ, ನಾವು ಅದರ ಎಡಕ್ಕೆ. ಬಲಕ್ಕೆ ಹೊರಳಿದರೆ ನಮ್ಮ ಹಿಂದಿನಿಂದಲೇ, ಬಲಗಡೆಯ ಪಥದಲ್ಲಿ, ತಡೆಯಿಲ್ಲದೆ ಬಸ್ಸು ಬರುತ್ತಿರುತ್ತದೆ. ಕಣ್ಣು ಎದುರಿಗಿರುತ್ತದೆ, ಅಪಾಯ ಬೆನ್ನಿಗಿರುತ್ತದೆ. ದಂಡದ ಪಟ್ಟಿ ಕೈಗೆ ಬಂದ ಮೇಲೆ ಆ ತಿರುವಿನಲ್ಲಿ ನಿಂತು ನೋಡಿದಾಗಲೇ ನನಗೆ ಇದು ಹೊಳೆದದ್ದು. ಸುತ್ತಿ ಬರಬೇಕಲ್ಲ ಎಂಬ ಸಿಟ್ಟಿಗೆ ಕೆಲವರು ಎದುರು ದಿಕ್ಕಿನಲ್ಲೇ ಗಾಡಿ ನುಗ್ಗಿಸುತ್ತಾರೆ. ಅದು ಇನ್ನೂ ಕೆಟ್ಟದ್ದು: ಮೋಟಾರು ವಾಹನ ಕಾಯ್ದೆಯ ಕಲಂ 184ರ ಪ್ರಕಾರ ಅದು ಅಪಾಯಕಾರಿ ಚಾಲನೆಯಾಗಬಹುದು.

ರಿಯಾಯಿತಿಯ ವಿಷಯ. 2023ರ ಫೆಬ್ರವರಿಯಲ್ಲಿ ಕೊಟ್ಟರು, 2025ರ ಆಗಸ್ಟ್–ಸೆಪ್ಟೆಂಬರ್‌ನಲ್ಲೂ ಕೊಟ್ಟರು, ಸುಳ್ಳಲ್ಲ. ಮುಂದಿನದು ಯಾವಾಗ, ಯಾವ ತಾರೀಖಿನವರೆಗಿನ ದಂಡಕ್ಕೆ ಎಂದು ಯಾರೂ ನಿಮಗೆ ಬರೆದುಕೊಟ್ಟಿಲ್ಲ. ಉಳಿಯುವ ಅರ್ಧ ಹಣಕ್ಕಾಗಿ ಕಂಡಕಂಡ ಪೊಲೀಸರಿಗೆ ಹೆದರಿ ಓಣಿ ಸುತ್ತುವ ಬಾಳು ನನಗಂತೂ ಬೇಡ. ಕಟ್ಟಿಬಿಡಿ.

ಕಟ್ಟುವ ಮುಂಚೆ ಫೋಟೋ ನೋಡಿ. ಕ್ಯಾಮೆರಾ ದಂಡದ ಬಗ್ಗೆ 2021ರ ಆಗಸ್ಟ್‌ನಲ್ಲಿ ಬಂದ ಕೇಂದ್ರದ 167ಎ ನಿಯಮದ ಪ್ರಕಾರ ತಪ್ಪು ಮತ್ತು ನಂಬರ್ ಪ್ಲೇಟು ಎರಡೂ ಕಾಣುವ ಚಿತ್ರ ಇರಬೇಕು, ಸ್ಥಳ, ದಿನ, ಸಮಯ ನಮೂದಾಗಿರಬೇಕು, ಕ್ಯಾಮೆರಾ ಕಣ್ಗಾವಲಿದೆ ಎಂಬ ಎಚ್ಚರಿಕೆಯ ಫಲಕ ರಸ್ತೆಯಲ್ಲಿ ಇರಬೇಕು. ಆ ನಿಯಮದ 132 ನಗರಗಳ ಪಟ್ಟಿಯಲ್ಲಿ ನಮ್ಮ ಅವಳಿ ನಗರವೂ ಇದೆ. ನಂಬರು ತಪ್ಪಾಗಿ ಓದಿ ಬೇರೆಯವರ ಗಾಡಿಯ ದಂಡ ನಿಮಗೆ ಬಂದಿದ್ದರೆ ಒಂದು ಪೈಸೆಯನ್ನೂ ಕಟ್ಟದೆ ಆಕ್ಷೇಪಣೆ ಸಲ್ಲಿಸಿ. ನಿಮ್ಮದೇ ಗಾಡಿ, ನಿಮ್ಮದೇ ತಿರುವು ಆಗಿದ್ದರೆ ವಾದ ಬೇಡ.

ವಾಟ್ಸ್‌ಆ್ಯಪ್‌ನಲ್ಲಿ ಇ-ಚಲನ್ ಎಂಬ ಹೆಸರಿನ ಎಪಿಕೆ ಫೈಲ್ (ಮೊಬೈಲಿಗೆ ಆ್ಯಪ್ ಹಾಕುವ ಫೈಲ್) ಬಂದರೆ ಮುಟ್ಟಬೇಡಿ, ಅದು ಬ್ಯಾಂಕ್ ಖಾತೆ ಬರಿದು ಮಾಡುವವರ ಕೆಲಸ. ಕೇಂದ್ರ ಸಾರಿಗೆ ಸಚಿವಾಲಯದ ಪರಿವಾಹನ್ ಜಾಲತಾಣಕ್ಕೆ ನೀವೇ ಹೋಗಿ ಗಾಡಿಯ ನಂಬರು ಹಾಕಿ ನೋಡಿ. ಮೊಬೈಲ್ ಸಂಖ್ಯೆ ಬದಲಿಸುವುದೂ ಅಲ್ಲೇ, ಆರ್‌ಸಿ ಕೈಯಲ್ಲಿ ಹಿಡಿದು ಕುಳಿತುಕೊಳ್ಳಿ, ಚಾಸಿ ಸಂಖ್ಯೆ ಕೇಳುತ್ತದೆ. ಮನೆಯಲ್ಲಿರುವ ಬೇರೆ ಗಾಡಿಗಳ ನಂಬರನ್ನೂ ಹಾಕಿ ನೋಡಿಬಿಡಿ. ನಾನು ಹಾಗೆ ನೋಡಿದಾಗ ಮಗನ ಸ್ಕೂಟರಿನ ಮೇಲೆ ಹೆಲ್ಮೆಟ್ ಇಲ್ಲದ ದಂಡ ಸಿಕ್ಕಿತು. ಆ ಸಂದೇಶ ಮಾತ್ರ ಸರಿಯಾದ ನಂಬರಿಗೇ ಹೋಗಿತ್ತು, ಅವನು ಮನೆಯಲ್ಲಿ ಬಾಯಿ ಬಿಟ್ಟಿರಲಿಲ್ಲ.