ಇನ್ ಕ್ಯಾಮೆರಾ ವಿಚಾರಣೆ ಅಂದ್ರೆ ಕೋರ್ಟಲ್ಲಿ ವಿಡಿಯೋ ಮಾಡ್ತಾರಾ?

ಇಲ್ಲ ಮಾರಾಯ್ರೇ, ಪೂರ್ತಿ ಉಲ್ಟಾ. ಬಾಗಿಲು ಹಾಕ್ಕೊಂಡು, ಸಂಬಂಧ ಇಲ್ಲದೋರನ್ನ ಹೊರಗೆ ಕಳಿಸಿ ಮಾಡೋ ವಿಚಾರಣೆ ಅದು. ಶಿವಮೊಗ್ಗದ ಪೇಪರಲ್ಲಿ ಈ ಪದ ಬಂದಾಗೆಲ್ಲ ಹೋಟ್ಲಲ್ಲಿ ಕೂತು ಓದೋರು ‘ರೆಕಾರ್ಡ್ ಆಗಿದ್ಯಂತೆ’ ಅಂತಾನೇ ಮಾತಾಡ್ಕೊಳ್ತಾರೆ.

ಲ್ಯಾಟಿನ್‌ನಲ್ಲಿ ಕ್ಯಾಮೆರಾ ಅಂದ್ರೆ ಕಮಾನು ಚಾವಣಿಯ ಕೋಣೆ, ಅದೂ ಗ್ರೀಕ್‌ನಿಂದ ಬಂದಿದ್ದು. ಕೋರ್ಟಿನವ್ರು ಆ ಹಳೇ ಅರ್ಥ ಬಿಟ್ಟಿಲ್ಲ, ಇನ್ ಕ್ಯಾಮೆರಾ ಅಂದ್ರೆ ಕೋಣೆ ಒಳಗೆ ಅಷ್ಟೇ. ನಮ್ಮಲ್ಲಿ ಅತ್ಯಾಚಾರದ ಕೇಸಿಗೆ ಹಿಂದೆ ಕ್ರಿಮಿನಲ್ ವಿಚಾರಣೆ ಹೇಗೆ ನಡೀಬೇಕು ಅಂತ ಹೇಳ್ತಿದ್ದ ಸಿಆರ್‌ಪಿಸಿ ಕಾನೂನಿನ ಸೆಕ್ಷನ್ 327, ಈಗ ಅದರ ಜಾಗಕ್ಕೆ ಬಂದಿರೋ ಬಿಎನ್‌ಎಸ್‌ಎಸ್‌ನ ಸೆಕ್ಷನ್ 366 ಇದನ್ನೇ ಹೇಳೋದು, ಹಿಂದೂ ವಿವಾಹ ಕಾಯ್ದೆ ಕೇಸುಗಳಿಗೆ ಸೆಕ್ಷನ್ 22 ಇದೆ.

ಹಾಗಾದ್ರೆ ಫೋಟೋ ತೆಗೆಯೋ ಡಬ್ಬಕ್ಕೆ ಈ ಹೆಸರು ಹೆಂಗೆ ಬಂತು? ಅದೇ ಮಜಾ. ತೀರ್ಥಹಳ್ಳಿ ಕಡೆ ಹಂಚಿನ ಮನೇಲಿ ಕತ್ತಲೆ ಕೋಣೆ ಇದ್ರೆ ನೋಡಿ, ಬಾಗಿಲಲ್ಲಿ ಒಂದು ಸಣ್ಣ ತೂತಿದ್ದು ಹೊರಗೆ ಒಳ್ಳೆ ಬಿಸಿಲಿದ್ರೆ ಎದುರು ಗೋಡೆ ಮೇಲೆ ತೋಟದ ಅಡಿಕೆ ಮರ ತಲೆಕೆಳಗಾಗಿ ಕಾಣುತ್ತೆ, ಯಾಕಂದ್ರೆ ಬೆಳಕು ನೆಟ್ಟಗೆ ಹೋಗುತ್ತೆ, ಮರದ ತುದಿಯಿಂದ ಬಂದಿದ್ದು ತೂತು ದಾಟಿ ಗೋಡೆ ಕೆಳಗೆ ಬೀಳುತ್ತೆ, ಬುಡದ್ದು ಮೇಲಕ್ಕೆ. ಇಂಥ ಕೋಣೇನ 1604ರಲ್ಲಿ ಖಗೋಳ ವಿಜ್ಞಾನಿ ಕೆಪ್ಲರ್ ಕ್ಯಾಮೆರಾ ಅಬ್‌ಸ್ಕ್ಯೂರಾ, ಅಂದ್ರೆ ಕತ್ತಲೆ ಕೋಣೆ, ಅಂತ ಕರೆದ. ಆಮೇಲೆ ಕೋಣೆ ಸಣ್ಣದಾಗಿ ಡಬ್ಬ ಆಯ್ತು, 1839ರ ಹೊತ್ತಿಗೆ ಫೋಟೋಗ್ರಫಿ ಬಂತು, ಅಬ್‌ಸ್ಕ್ಯೂರಾ ಉದುರಿಹೋಯ್ತು.

ಚೇಂಬರ್ ಕೂಡ ಇದೇ ಮೂಲದ್ದು. ಕಾಮ್ರೇಡ್ ಸಹ, ಸ್ಪ್ಯಾನಿಷ್ ಮೂಲಕ ಬಂದಿದ್ದು, ಮೊದಲು ಅದಕ್ಕೆ ರೂಮ್‌ಮೇಟ್ ಅನ್ನೋ ಅರ್ಥ ಇತ್ತು, ಕೆಂಬಾವುಟ ಎಲ್ಲ ಆಮೇಲಿನ ಕಥೆ.